ಮೂತಿಗೆ ಜೋಡು ಪಟ್ಟಿ, ಬಾಲಕ್ಕೆ ಕತ್ತಲು!

ಸಂಶಿ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಮೊನ್ನೆ ರಾಜಕೀಯದ ಮಾತಿರಲಿಲ್ಲ, ಮಳೆಯ ಮಾತಿರಲಿಲ್ಲ, ಹತ್ತಿಯ ದರದ ಮಾತೂ ಇರಲಿಲ್ಲ. ಮಾತೆಲ್ಲ ಒಂದು ಹಳೆಯ ಮಾರುತಿ ಕಾರಿನ ಮೇಲೆ. ಕಾರು ಬಿಳಿಯದು, ವಯಸ್ಸು ಹದಿನೈದರ ಆಸುಪಾಸು. ಅದರ ಮೂತಿಯಿಂದ ಹೊರಟ ಎರಡು ಕರಿ ಪಟ್ಟಿಗಳು ಬಾನೆಟ್ಟು ಹತ್ತಿ, ಟಾಪು ದಾಟಿ, ಡಿಕ್ಕಿಯವರೆಗೆ ಸಾಗಿದ್ದವು. ದೂರದಿಂದ ನೋಡಿದರೆ ರೇಸಿಗೆ ಹೊರಟ ಗಾಡಿ. ಹತ್ತಿರ ಬಂದರೆ ಅದೇ ನಮ್ಮ ಮಾರುತಿ.

"ಯಾರ ಕಡೆ ಹಚ್ಚಿಸಿದಿಯೋ ತಮ್ಮಾ?" ಎಂದರು ಹಿರಿಯರೊಬ್ಬರು.

"ಯಾರ ಕಡೆನೂ ಇಲ್ಲರಿ ಕಾಕಾ, ನಾನ ಹಚ್ಚೀನಿ. ಮೊಬೈಲ್‌ನಾಗ ನೋಡಿದೆ, ಸುರುಳಿ ತರಿಸಿದೆ, ಮನಿ ಮುಂದ ನಿಂತು ಹಚ್ಚಿಬಿಟ್ಟೆ."

ಕಾಕಾ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರು. "ಛಲೋ ಕಾಣಸ್ತೈತಿ. ಅದಿರಲಿ, ನಿಮ್ಮ ಟ್ರ್ಯಾಕ್ಟರ್ ಟ್ರೇಲರ್ ಹಿಂದ ಒಂದರ ಪಟ್ಟಿ ಐತೇನು?"

ಹುಡುಗ ನಕ್ಕ. ಸುತ್ತಲಿದ್ದವರೂ ನಕ್ಕರು. ನಗದೇ ಇದ್ದವರು ಕಾಕಾ ಒಬ್ಬರೇ.

ಓದುಗರೇ, ಈ ಸಲದ ವಿಷಯ ಆ ಕಾಕಾ ಕೇಳಿದ ಪ್ರಶ್ನೆಯೇ. ಮೊದಲು ಹುಡುಗನ ಪಟ್ಟಿಯ ಮಾತು ಮುಗಿಸೋಣ. ಆಮೇಲೆ ಕಾಕಾನ ಪಟ್ಟಿಗೆ ಬರೋಣ.

ಬ್ರಶ್ ಹೋಯಿತು, ಸುರುಳಿ ಬಂತು

ಒಂದು ಕಾಲಕ್ಕೆ ಗಾಡಿಗೆ ಅಲಂಕಾರವೆಂದರೆ ಪೇಂಟರ್ ಬರಬೇಕಿತ್ತು. ಲಾರಿಯ ಹಣೆಗೆ ದೇವರ ಹೆಸರು, ಹಿಂಬದಿಗೆ ಕಮಲದ ಹೂವು, ಟ್ರೇಲರಿನ ಮಗ್ಗುಲಿಗೆ ಮಾಲೀಕನ ಹೆಸರು ಮತ್ತು ಊರು, ಎಲ್ಲವೂ ಬ್ರಶ್ಶಿನ ಕೆಲಸ. ಪೇಂಟರ್ ಬರುವವರೆಗೆ ಗಾಡಿ ಕಾಯಬೇಕು, ಬಣ್ಣ ಒಣಗುವವರೆಗೆ ಮಾಲೀಕ ಕಾಯಬೇಕು. ಆಮೇಲೆ ಕಂಪ್ಯೂಟರಿನಿಂದ ಕೊರೆಯುವ ಯಂತ್ರ ಬಂತು. ಅಕ್ಷರ ಕೊಟ್ಟರೆ ಯಂತ್ರವೇ ಅಂಟುಹಾಳೆಯನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ಕೊಡುತ್ತದೆ. ಪೇಂಟರುಗಳಲ್ಲಿ ಕೆಲವರು ಬ್ರಶ್ ಕೆಳಗಿಟ್ಟು ಯಂತ್ರ ಹಿಡಿದರು. ಉಳಿದವರು ಬೇರೆ ಕೆಲಸ ನೋಡಿಕೊಂಡರು. ಜನ ಈ ಅಂಗಡಿಗಳಿಗೆ 'ರೇಡಿಯಂ ಅಂಗಡಿ' ಎಂದು ನಾಮಕರಣ ಮಾಡಿದರು.

ಈಗ ಮೂರನೆಯ ಅವತಾರ. ಅಂಗಡಿಯೂ ಬೇಡ, ಪೇಂಟರೂ ಬೇಡ. ಮೊಬೈಲಿನಲ್ಲಿ ಒತ್ತಿದರೆ ಸುರುಳಿ ಮನೆ ಬಾಗಿಲಿಗೆ. ಹಚ್ಚುವುದನ್ನು ಕಲಿಸುವ ಗುರುವೂ ಅದೇ ಮೊಬೈಲು.

ಇದನ್ನು ಕಂಡು "ಈಗಿನ ಹುಡುಗರಿಗೆ ಬ್ಯಾರೆ ಕೆಲಸ ಇಲ್ಲ" ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಒಂದು ಮಾತು. ಕಾರಹುಣ್ಣಿಮೆಯ ದಿನ ನಾವು ಮಾಡುವುದೇನು? ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಮೈಮೇಲೆ ಜೂಲ ಹೊದಿಸಿ, ಸಂಜೆ ಕರಿ ಹರಿಯಲು ಓಡಿಸುವುದಿಲ್ಲವೇ? ಬಣ್ಣ ಹಚ್ಚಿ ಓಟಕ್ಕೆ ಬಿಡುವ ಚಟ ನಮ್ಮದೇ, ಹೊರಗಿನಿಂದ ಬಂದದ್ದಲ್ಲ. ಕೊಟ್ಟಿಗೆಯಲ್ಲಿ ಎತ್ತು ಕಡಿಮೆಯಾಗಿ ಅಂಗಳದಲ್ಲಿ ಗಾಡಿ ಹೆಚ್ಚಾದವು. ಕೋಡಿನ ಬಣ್ಣ ಬಾನೆಟ್ಟಿಗೆ ಬಂತು. ಇಷ್ಟೇ ವ್ಯತ್ಯಾಸ.

ಜೋಡು ಪಟ್ಟಿಯ ಹುಟ್ಟು

ಅಂದ ಹಾಗೆ ಈ ಜೋಡು ಪಟ್ಟಿ ಹುಟ್ಟಿದ್ದು ಬರೀ ಅಂದಕ್ಕಲ್ಲ. ಮೊದಲಿನ ಕಾಲದ ಕಾರು ರೇಸುಗಳಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಬಣ್ಣವಿತ್ತು. ಇಟಲಿಗೆ ಕೆಂಪು, ಇಂಗ್ಲೆಂಡಿಗೆ ಹಸಿರು, ಫ್ರಾನ್ಸಿಗೆ ನೀಲಿ, ಅಮೆರಿಕಕ್ಕೆ ಬಿಳಿ ಮತ್ತು ನೀಲಿ. 1950ರ ದಶಕದ ಆರಂಭದಲ್ಲಿ ಅಮೆರಿಕದ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ಎಂಬ ಶ್ರೀಮಂತರು ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ ನಡೆಯುವ 24 ತಾಸಿನ ರೇಸಿಗೆ ತಮ್ಮ ಬಿಳಿ ಕಾರುಗಳನ್ನು ಉದ್ದಕ್ಕೆ ಎರಡು ನೀಲಿ ಪಟ್ಟಿ ಎಳೆಸಿ ಓಡಿಸಿದರು. ಧೂಳು, ಮಂಜು, ರಾತ್ರಿ. ಅದರ ನಡುವೆ ದೂರದಿಂದ ಬರುವ ಗಾಡಿ ಯಾರದೆಂದು ನೋಡುಗರಿಗೆ ಗುರುತು ಹತ್ತಬೇಕು. 1965ರಲ್ಲಿ ಅಮೆರಿಕದಲ್ಲೇ ಶೆಲ್ಬಿ ಹೆಸರಿನ ಮಸ್ಟಾಂಗ್ ಕಾರಿಗೆ ಇದೇ ಜೋಡು ಪಟ್ಟಿ ಬಂದ ಮೇಲೆ ಅದು ಮನೆಮನೆಯ ಕಾರಿಗೂ ಇಳಿಯಿತು.

ಅಂದರೆ ಪಟ್ಟಿಯ ಮೂಲ ಕೆಲಸ ಒಂದೇ: ದೂರದಿಂದ ಕಾಣಿಸುವುದು. ಓದುಗರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ತಾವೇ ಹಚ್ಚುವವರಿಗೆ ನಾಲ್ಕು ಮಾತು

ಹಚ್ಚಬೇಕೆಂದವರು ಹಚ್ಚಿಯೇ ಹಚ್ಚುತ್ತಾರೆ. ಹಚ್ಚಿದ್ದು ನೆಟ್ಟಗಿರಲಿ ಎಂದು ಬಲ್ಲವರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲನೆಯದು ಹಾಳೆ. ಈ ವಿನೈಲ್ ಹಾಳೆಯಲ್ಲಿ ಎರಡು ಜಾತಿ. ಒಂದು ಚಪಾತಿ ಲಟ್ಟಿಸಿದಂತೆ ರೋಲರುಗಳ ನಡುವೆ ಒತ್ತಿ ತೆಳುವು ಮಾಡಿದ್ದು. ಇನ್ನೊಂದು ದೋಸೆ ಹುಯ್ದಂತೆ ತೆಳ್ಳಗೆ ಹರಡಿ ಒಣಗಿಸಿದ್ದು. ಲಟ್ಟಿಸಿದ್ದು ಅಗ್ಗ. ಆದರೆ ಎಳೆದು ಹಿಗ್ಗಿಸಿದ್ದು ಬಿಸಿಲಿಗೆ ಮತ್ತೆ ಕುಗ್ಗುತ್ತದೆ, ಅಂಚು ಏಳುತ್ತದೆ. ಹುಯ್ದದ್ದು ತುಟ್ಟಿ, ಬಾಳಿಕೆ ಹೆಚ್ಚು, ಕಾರಿನ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತದೆ. ಸಪಾಟಾದ ಜಾಗಕ್ಕೆ ಅಗ್ಗದ್ದು ನಡೆದೀತು. ಬಾನೆಟ್ಟಿನ ಮೂತಿ ಬಾಗುವಲ್ಲಿ ಅಗ್ಗದ್ದರ ಬಣ್ಣ ಬಯಲಾಗುತ್ತದೆ.

ಎರಡನೆಯದು ಹೊತ್ತು. ಏಪ್ರಿಲ್ ಬಿಸಿಲಿನಲ್ಲಿ ಬಾನೆಟ್ಟು ರೊಟ್ಟಿ ಹಂಚಿನಂತಾಗಿರುತ್ತದೆ. ಕಾದ ತಗಡಿಗೆ ಅಂಟು ಮುಟ್ಟಿದ ತಕ್ಷಣ ಹಿಡಿದುಬಿಡುತ್ತದೆ, ಸರಿಪಡಿಸಲು ಬರುವುದಿಲ್ಲ. ಬೆಳಗಿನ ತಂಪು ಹೊತ್ತು, ನೆರಳು, ಗಾಳಿ ಕಡಿಮೆ ಇರುವ ಜಾಗ ಹುಡುಕಬೇಕು. ನಮ್ಮ ಎರಿ ಮಣ್ಣಿನ ಧೂಳು ಒಂದು ಕಣ ಒಳಗೆ ಸಿಕ್ಕರೂ ಹಾಳೆಯ ಮೇಲೆ ಗುಳ್ಳೆ ಎದ್ದಂತೆ ಕಾಣುತ್ತದೆ. ಕಾರನ್ನು ಸೋಪಿನಿಂದ ತೊಳೆದು, ಪಾಲಿಶ್ ಜಿಡ್ಡು ಹೋಗುವಂತೆ ಸ್ಪಿರಿಟ್ಟಿನಿಂದ ಒರೆಸಿ, ಆಮೇಲೆ ಕೈ ಹಚ್ಚಬೇಕು. ಹೊಸದಾಗಿ ಬಣ್ಣ ಹೊಡೆಸಿದ ಕಾರಾದರೆ ಕೆಲವು ವಾರ ತಡೆಯಬೇಕು. ಬಣ್ಣದೊಳಗಿನ ಥಿನ್ನರ್ ಪೂರ್ತಿ ಆರದಿದ್ದರೆ ಹಾಳೆಯಡಿ ಬೊಬ್ಬೆ ಬರುತ್ತವೆ.

ಮೂರನೆಯದು ಅಳತೆ. ಜೋಡು ಪಟ್ಟಿ ಕೆಡುವುದು ಇಲ್ಲಿಯೇ. ಕಣ್ಣಂದಾಜಿಗೆ ಹಚ್ಚಿದವರ ಪಟ್ಟಿ ಬಾನೆಟ್ಟಿನ ಮೇಲೆ ನೆಟ್ಟಗಿದ್ದು ಟಾಪಿನ ಮೇಲೆ ಹುಬ್ಬಳ್ಳಿ ಕಡೆ ಹೊರಟಿರುತ್ತದೆ. ಗೌಂಡಿಗಳು ಗೋಡೆ ಎತ್ತುವಾಗ ದಾರ ಹಿಡಿಯುವುದಿಲ್ಲವೇ, ಹಾಗೆ ಕಾರಿನ ನಟ್ಟನಡುವೆ ಮೂತಿಯಿಂದ ಡಿಕ್ಕಿಗೆ ದಾರ ಕಟ್ಟಬೇಕು. ದಾರದಿಂದ ಎರಡೂ ಕಡೆ ಸಮ ಅಳತೆ ಹಾಕಿ ಪೇಂಟರುಗಳ ಕಾಗದದ ಟೇಪು ಹಚ್ಚಬೇಕು. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಬೇಕು. ಒಪ್ಪಿದರೆ ಮುಂದಿನ ಕೆಲಸ.

ನಾಲ್ಕನೆಯದು ಹಚ್ಚುವ ಬಗೆ. ನೀರಿನ ಬಾಟಲಿಯಲ್ಲಿ ಕೆಲವೇ ಹನಿ ಶಾಂಪೂ ಬೆರೆಸಿ ತಗಡಿನ ಮೇಲೂ ಅಂಟಿನ ಮೇಲೂ ಸಿಂಪಡಿಸಿದರೆ ಹಾಳೆ ಜಾರುತ್ತದೆ, ಆಚೀಚೆ ಸರಿಸಬಹುದು. ನಡುವಿನಿಂದ ಅಂಚಿಗೆ ನೀರು ಮತ್ತು ಗಾಳಿಯನ್ನು ಒತ್ತಿ ಹೊರಗೆ ತಳ್ಳಬೇಕು. ಹಳೆಯ ಎಟಿಎಂ ಕಾರ್ಡಿಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡರೂ ಕೆಲಸ ನಡೆಯುತ್ತದೆ. ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಒತ್ತಬೇಕು, ಕಿತ್ತು ಹಚ್ಚಲು ಹೋಗಬಾರದು. ಬಾನೆಟ್ಟಿನ ಅಂಚಿಗೆ ಬಂದಾಗ ಹೆಚ್ಚಿನ ಹಾಳೆ ಕೊಯ್ಯಲು ಬ್ಲೇಡನ್ನು ಬಣ್ಣದ ಮೇಲೆ ಎಳೆದಿರೋ, ಕೆಟ್ಟಿತು. ಆ ಗೀರಿನಲ್ಲಿ ಮಳೆಗಾಲಕ್ಕೆ ತುಕ್ಕು ಹುಟ್ಟುತ್ತದೆ. ಪಟ್ಟಿ ಹೋದರೂ ತುಕ್ಕು ಉಳಿಯುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ವರ್ಷಗಳ ನಂತರ ಬೇಸರ ಬಂದು ಕಿತ್ತರೆ ಅಡಿಯ ಬಣ್ಣ ಹೊಸದಾಗಿಯೂ ಸುತ್ತಲಿನದು ಬಿಸಿಲಿಗೆ ಮಾಸಿದ್ದಾಗಿಯೂ ಕಾಣುತ್ತದೆ. ಪಟ್ಟಿ ಇಲ್ಲದಿದ್ದರೂ ಪಟ್ಟಿಯ ನೆರಳು ಇರುತ್ತದೆ. ಕೀಳುವಾಗ ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡಿ ನಿಧಾನ ಎಳೆಯಬೇಕು.

ಪೊಲೀಸರು ಹಿಡಿಯುತ್ತಾರೆಯೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ಗಾಡಿಯ ಮಾರ್ಪಾಟಿನ ಕುರಿತದ್ದು. ಗಾಡಿಯ ರಚನೆ ಬದಲಿಸಿ ಅದರ ಮೂಲ ಲಕ್ಷಣವೇ ಬೇರೆಯಾಗುವಂತೆ ಮಾಡಬಾರದು ಎಂಬುದು ಅದರ ತಿರುಳು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಹ ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದಿತು. ಎರಡು ಪಟ್ಟಿ ಹಚ್ಚಿದರೆ ರಚನೆಯೇನೂ ಬದಲಾಗದು. ಆದರೆ ಮೈತುಂಬ ಬೇರೆ ಬಣ್ಣದ ಹಾಳೆ ಸುತ್ತಿದರೆ ಆರ್‌ಸಿಯಲ್ಲಿ ಬರೆದ ಬಣ್ಣ ಒಂದು, ರಸ್ತೆಯ ಮೇಲಿನ ಬಣ್ಣ ಇನ್ನೊಂದು ಆಗುತ್ತದೆ. ಆಗ ಆರ್‌ಟಿಓ ಕಚೇರಿಗೆ ತಿಳಿಸಿ ಬರೆಯಿಸಿಕೊಳ್ಳಬೇಕು.

ನಂಬರ್ ಪ್ಲೇಟಿನ ಮೇಲೆ ಯಾವ ಪಟ್ಟಿಯೂ, ಯಾವ ಹೆಸರೂ, ಯಾವ ಚಿತ್ರವೂ ಸಲ್ಲದು. ಗಾಜಿನ ಮೇಲೆ ಕರಿ ಹಾಳೆಯ ಮಾತಂತೂ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿಗೆ ಸಂಬಂಧಿಸಿದ್ದು, ಅದು ಬೇರೆಯೇ ಕಥೆ. ಇನ್ನೊಂದು ಮಾತು: ಹೊಳೆಯುವ ಕೆಂಪು ಪಟ್ಟಿಯನ್ನು ಕಾರಿನ ಮೂತಿಗೆ ಹಚ್ಚಬೇಡಿರಿ. ರಾತ್ರಿ ಕೆಂಪು ಹೊಳೆದರೆ ಎದುರಿನವನು ಅದನ್ನು ಗಾಡಿಯ ಹಿಂಬದಿ ಎಂದು ತಿಳಿಯುತ್ತಾನೆ. ಬರುವ ಗಾಡಿಯನ್ನು ಹೋಗುವ ಗಾಡಿ ಎಂದು ತಿಳಿದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನ ಪಟ್ಟಿಯ ಮಾತು ಇಲ್ಲಿಗೆ ಮುಗಿಯಿತು. ಇನ್ನು ಕಾಕಾನ ಪಟ್ಟಿ.

ಡ್ರೈವರ್ ಹಿಂದಿನ ಸೀಟಿನಿಂದ

ಕತ್ತಲಾದ ಮೇಲೆ ಹುಬ್ಬಳ್ಳಿ ಬಿಟ್ಟು ಕುಂದಗೋಳ, ಸಂಶಿ, ಗುಡಗೇರಿ ಮೇಲೆ ಲಕ್ಷ್ಮೇಶ್ವರದ ಕಡೆ ಹೋಗುವ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಸಿಕ್ಕವರಿಗೆ ಈ ವಿಷಯ ಬೇರೆಯವರು ಹೇಳಬೇಕಾಗಿಲ್ಲ. ರಸ್ತೆ ನೆಟ್ಟಗಿದೆ, ಎರಡೂ ಕಡೆ ಎರಿ ಹೊಲ, ದೀಪದ ಕಂಬವಿಲ್ಲ. ಎದುರಿನಿಂದ ಒಂದು ಲಾರಿ ಕಣ್ಣು ಕುಕ್ಕುವ ದೀಪ ಹಾಕಿಕೊಂಡು ಬರುತ್ತದೆ. ಅದು ದಾಟಿದ ಒಂದು ಗಳಿಗೆ ಡ್ರೈವರಿಗೆ ಏನೂ ಕಾಣದು. ಕಣ್ಣು ಹೊಂದಿಕೊಳ್ಳುವ ಹೊತ್ತಿಗೆ ಎದುರಿಗೇ ಒಂದು ಕಪ್ಪು ಗುಡ್ಡ!

ಈ ಲೇಖಕನೇ ಇದ್ದ ಬಸ್ಸಿನಲ್ಲಿ ಒಮ್ಮೆ ಹೀಗಾಯಿತು. ಬ್ರೇಕು ಬಿದ್ದ ರಭಸಕ್ಕೆ ನಿಂತವರು ಕುಂತವರ ಮೇಲೆ ಬಿದ್ದರು. ಯಾರದೋ ಬುತ್ತಿಡಬ್ಬಿ ಬಾಗಿಲವರೆಗೆ ಉರುಳಿತು. ಕೂಸೊಂದು ಅಳತೊಡಗಿತು. ಕಿಟಕಿಯಿಂದ ಇಣುಕಿದರೆ ಶೇಂಗಾ ಹೊಟ್ಟು ಹೇರಿದ ಟ್ರೇಲರು. ಹೊಟ್ಟು ಎರಡೂ ಮಗ್ಗುಲಿಗೆ ಚಾಚಿ, ಹಿಂದಕ್ಕೆ ಜೋತು, ದೀಪವಿದ್ದರೆ ಅದನ್ನೂ ಮುಚ್ಚಿ, ನಡೆದಾಡುವ ಬಣವೆಯಂತಿತ್ತು. ಟ್ರ್ಯಾಕ್ಟರಿನವನು ಹಾಡು ಕೇಳುತ್ತ ಮುಂದೆ ಹೊರಟೇ ಇದ್ದ. ತನ್ನ ಹಿಂದೆ ಇಡೀ ಒಂದು ಬಸ್ಸಿನ ಜನ ಬದುಕಿ ಉಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಓಡುವ ಟ್ರೇಲರಿಗಿಂತ ನಿಂತ ಟ್ರೇಲರು ಹೆಚ್ಚು ಕೆಟ್ಟದ್ದು. ಗಾಲಿ ಪಂಕ್ಚರಾಯಿತೆಂದು ಟ್ರೇಲರ್ ಬಿಚ್ಚಿ ರಸ್ತೆಯ ಮೇಲೇ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು, ಹಿಂದೊಂದು ಗಿಡದ ಟೊಂಗೆ ಇಟ್ಟು ಊರಿಗೆ ಹೋಗುವುದು ನಮ್ಮ ಪದ್ಧತಿ. ಹಗಲಿಗೆ ಟೊಂಗೆ ಸರಿ. ರಾತ್ರಿ ಆ ಟೊಂಗೆ ಯಾರಿಗೆ ಕಾಣಬೇಕು?

ಹಿಂದೆ ಚಕ್ಕಡಿಯ ಕಾಲದಲ್ಲಿ ಅಚ್ಚಿನ ಕೆಳಗೆ ಒಂದು ಕಂದೀಲು ತೂಗಾಡುತ್ತಿತ್ತು. ಎತ್ತಿನ ನಡಿಗೆಯ ಗಾಡಿಗೆ, ಮೋಟಾರುಗಳೇ ಅಪರೂಪವಾಗಿದ್ದ ರಸ್ತೆಯಲ್ಲಿ, ಅಜ್ಜಂದಿರು ದೀಪ ಕಟ್ಟುತ್ತಿದ್ದರು. ಟನ್ನುಗಟ್ಟಲೆ ತೂಕದ ಟ್ರೇಲರನ್ನು, ಗಳಿಗೆಗೊಂದು ಗಾಡಿ ಓಡುವ ರಸ್ತೆಯಲ್ಲಿ, ಮೊಮ್ಮಕ್ಕಳು ಕತ್ತಲಲ್ಲಿ ಎಳೆಯುತ್ತಿದ್ದಾರೆ. ಮುಂದುವರಿದವರು ಯಾರು?

ಲೆಕ್ಕ ಹಾಕಿ ನೋಡಿರಿ

ತಾಸಿಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಹೆಚ್ಚು ಓಡುತ್ತದೆ. ಕಣ್ಣು ಕಂಡು, ತಲೆಗೆ ತಿಳಿದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 25 ಮೀಟರು ಹೋಯಿತು. ಬ್ರೇಕು ಹಿಡಿದು ನಿಲ್ಲಲು ಒಣ ರಸ್ತೆಯಲ್ಲೂ ಇನ್ನೂ ಇಪ್ಪತ್ತು ಇಪ್ಪತ್ತೈದು ಮೀಟರು ಬೇಕು. ಒಟ್ಟು ಐವತ್ತರ ಹತ್ತಿರ ಬಂತು. ಹೆಚ್ಚುಕಡಿಮೆ ಎರಡು ವಿದ್ಯುತ್ ಕಂಬಗಳ ನಡುವಿನ ಅಂತರವೆನ್ನಿ. ಇನ್ನು ಡಿಮ್ ದೀಪದಲ್ಲಿ ಮಾಸಿದ ಟ್ರೇಲರು ಕಾಣುವುದು ಎಷ್ಟು ದೂರಕ್ಕೆ? ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ, ಇಲ್ಲವೇ ಅದಕ್ಕೂ ಕಡಿಮೆ. ಬಸ್ಸೋ ಲಾರಿಯೋ ಆದರೆ ನಿಲ್ಲಲು ಇನ್ನೂ ಹೆಚ್ಚು ದೂರ ಬೇಕು. ಅಂದರೆ ಕಂಡಾಗ ಹೊತ್ತು ಮೀರಿರುತ್ತದೆ. ಡ್ರೈವರ್ ಎಷ್ಟೇ ಜಾಣನಿದ್ದರೂ ಲೆಕ್ಕ ಅವನ ಕಡೆಗಿಲ್ಲ.

ಅದೇ ಟ್ರೇಲರಿನ ಹಿಂದೆ ಬೆಳಕು ಹಿಂದಿರುಗಿಸುವ ಪಟ್ಟಿಯಿದ್ದರೆ ಅದು ನೂರಾರು ಮೀಟರು ದೂರದಿಂದಲೇ ಕೆಂಡದಂತೆ ಹೊಳೆಯುತ್ತದೆ. ಡ್ರೈವರ್ ಅವಸರವಿಲ್ಲದೆ ವೇಗ ಇಳಿಸುತ್ತಾನೆ. ಒಳಗಿದ್ದವರ ನಿದ್ದೆಯೂ ಕೆಡುವುದಿಲ್ಲ.

ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ. ಕರ್ನಾಟಕ ಒಂದರಲ್ಲೇ 11,702. ದೇಶದ ಅಪಘಾತಗಳಲ್ಲಿ ಐದರಲ್ಲೊಂದು ಹಿಂದಿನಿಂದ ಬಂದು ಗುದ್ದಿದ್ದು. ಅಮೆರಿಕದಲ್ಲಿ 1993ರ ಡಿಸೆಂಬರಿನಿಂದ ಹೊಸ ದೊಡ್ಡ ಟ್ರೇಲರುಗಳಿಗೆ ಹೊಳೆಯುವ ಪಟ್ಟಿ ಕಡ್ಡಾಯ ಮಾಡಿದರು. 2001ರಲ್ಲಿ ಅಲ್ಲಿಯ ಸರ್ಕಾರವೇ ಮಾಡಿಸಿದ ಅಧ್ಯಯನದಲ್ಲಿ ದೀಪವಿಲ್ಲದ ಕತ್ತಲ ರಸ್ತೆಗಳಲ್ಲಿ ಟ್ರೇಲರಿಗೆ ಹಿಂದಿನಿಂದ ಮತ್ತು ಮಗ್ಗುಲಿನಿಂದ ಬಂದು ಗುದ್ದುವುದು ಪಟ್ಟಿಯಿಂದ ಶೇ. 41ರಷ್ಟು ತಗ್ಗಿದ್ದು ಕಂಡಿತು. ಅದೇ ಅಧ್ಯಯನದ ಇನ್ನೊಂದು ಮಾತು ನಮ್ಮ ಎರಿ ಸೀಮೆಯವರಿಗೇ ಹೇಳಿದಂತಿದೆ: ಹಿಂಬದಿಯ ಪಟ್ಟಿಗೆ ಕೊಳೆ ಹಿಡಿದಿದ್ದರೆ ಅದರ ಗುಣ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ರೇಡಿಯಂನಲ್ಲಿ ರೇಡಿಯಂ ಇಲ್ಲ

ಚಹಾದಂಗಡಿಯ ಹುಡುಗ ಕಾಕಾನಿಗೆ ಉತ್ತರ ಕೊಡದೇ ಬಿಡಲಿಲ್ಲ. "ಸುರುಳಿಯೊಳಗ ಇನ್ನೂ ಉಳದೈತ್ರಿ. ಅದನ್ನ ಟ್ರೇಲರಿಗೆ ಹಚ್ಚಿಬಿಡತೀನಿ" ಎಂದ.

"ಕರೀದು ಹಚ್ಚಿ ಏನ ಮಾಡತಿಯೋ? ಕತ್ತಲಿಗೆ ಕತ್ತಲಿ ಹಚ್ಚಿದಂಗ ಆತು" ಎಂದರು ಕಾಕಾ.

ಕಾಕಾ ಹೇಳಿದ್ದು ಸರಿ. ಎಲ್ಲ ಅಂಟುಪಟ್ಟಿಯೂ ಒಂದೇ ಅಲ್ಲ. ಜನ ರೇಡಿಯಂ ಎನ್ನುವ ಪಟ್ಟಿಯಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ಆ ಧಾತುವನ್ನು ಮುಂದೆ ಕೈಗಡಿಯಾರದ ಮುಳ್ಳುಗಳು ಕತ್ತಲಲ್ಲಿ ಹೊಳೆಯಲೆಂದು ಬಣ್ಣದಲ್ಲಿ ಬಳಸಿದರು. ಅದರ ಅಪಾಯ ತಿಳಿದ ಮೇಲೆ ಬಿಟ್ಟರು. ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದುಕೊಂಡಿತು.

ಗಾಡಿಯ ಪಟ್ಟಿ ತಾನಾಗಿ ಹೊಳೆಯುವುದಿಲ್ಲ. ಅದರ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ ಮೂಲೆಯಾಕಾರದ ಅಚ್ಚುಗಳೋ ಇರುತ್ತವೆ. ಬೆಳಕು ಬಂದ ದಾರಿಯಲ್ಲೇ ತಿರುಗಿ ಹೋಗುವಂತೆ ಅವು ಮಾಡುತ್ತವೆ. ಬಸ್ಸಿನ ದೀಪದ ಬೆಳಕು ಬಸ್ಸಿನ ಡ್ರೈವರಿನ ಕಣ್ಣಿಗೇ ವಾಪಸು. ರಾತ್ರಿ ಬೆಕ್ಕಿನ ಕಣ್ಣು ಹೊಳೆಯುವುದಿಲ್ಲವೇ, ಹಾಗೆ. ಪರ್ಸಿ ಶಾ ಎಂಬ ಇಂಗ್ಲೆಂಡಿನವನು 1934ರಲ್ಲಿ ರಸ್ತೆಯಲ್ಲಿ ಹೂಳುವ ಹೊಳೆಗಣ್ಣಿಗೆ ಪೇಟೆಂಟ್ ಪಡೆದಾಗ ಇಟ್ಟ ಹೆಸರೂ ಬೆಕ್ಕಿನ ಕಣ್ಣು ಎಂದೇ.

ಆದ್ದರಿಂದ ಕೊಳ್ಳುವಾಗ ಪರೀಕ್ಷೆ ಮಾಡಿಕೊಳ್ಳಿರಿ. ಬಣ್ಣ ಮಿರುಗುವ ಸಾದಾ ಹಾಳೆಯನ್ನೂ ರೇಡಿಯಂ ಎಂದು ಮಾರುವುದುಂಟು. ಕತ್ತಲಲ್ಲಿ ಪಟ್ಟಿಯನ್ನು ಗೋಡೆಗೆ ಹಿಡಿಸಿ, ಮೂವತ್ತು ಹೆಜ್ಜೆ ಹಿಂದೆ ನಿಂತು, ಬ್ಯಾಟರಿಯನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ಬೆಳಕು ಬಿಡಿರಿ. ಕೆಂಡದಂತೆ ಉರಿದರೆ ಅಸಲಿ. ಸುಮ್ಮನೆ ಮಿಂಚಿದರೆ ನಕಲಿ. ಬ್ಯಾಟರಿಯನ್ನು ಸೊಂಟದ ಹತ್ತಿರ ಹಿಡಿದರೆ ಪರೀಕ್ಷೆ ಸರಿಯಾಗದು, ಏಕೆಂದರೆ ಬೆಳಕು ತಿರುಗಿ ಬರುವುದು ಬ್ಯಾಟರಿಯ ಕಡೆಗೆ.

ಟ್ರೇಲರಿಗೆ ಹಚ್ಚುವ ಬಗೆ

ಕಾಯ್ದೆ ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 104ನೆಯದು ಇದಕ್ಕೇ ಮೀಸಲು. ಹಿಂಬದಿಯ ಎರಡೂ ಮಗ್ಗುಲಿಗೆ ಕೆಂಪು ಪ್ರತಿಫಲಕ ಇರಬೇಕೆಂಬ ಮಾತಿನಲ್ಲಿ ಟ್ರೇಲರೂ ಸೇರಿದೆ. ಸರಕಿನ ಗಾಡಿಗಳ ಪಟ್ಟಿಗೆ ಬಣ್ಣದ ಕ್ರಮವೂ ಇದೆ: ಮುಂದೆ ಬಿಳಿ, ಮಗ್ಗುಲಿಗೆ ಹಳದಿ, ಹಿಂದೆ ಕೆಂಪು. ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಪೊಲೀಸರೇ ನಿಂತು ಟ್ರೇಲರುಗಳಿಗೆ ಕೆಂಪು ಪಟ್ಟಿ ಹಚ್ಚುವುದನ್ನು ಓದುಗರು ಕಂಡಿರಬಹುದು. ನಮ್ಮದು ಕಬ್ಬಿನ ಸೀಮೆಯಲ್ಲ. ಹತ್ತಿ, ಮೆಣಸಿನಕಾಯಿ, ಶೇಂಗಾ, ಕಡಲೆಯ ಸೀಮೆ. ಇಲ್ಲಿ ಪೊಲೀಸರು ಬಂದು ಹಚ್ಚುವವರೆಗೆ ಕಾಯಬೇಕೇ? ಮೊಬೈಲ್ ನೋಡಿ ಕಾರಿನ ಉಬ್ಬುತಗ್ಗಿಗೆ ಹಾಳೆ ಹಚ್ಚಬಲ್ಲ ಹುಡುಗನಿಗೆ ಸಪಾಟಾದ ಟ್ರೇಲರು ಯಾವ ಲೆಕ್ಕ?

ಎರಡಂಗುಲ ಅಗಲದ ಕೆಂಪು ಪಟ್ಟಿ ಸಾಕು. ತಗಡಿನ ತುಕ್ಕನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ಎಣ್ಣೆಜಿಡ್ಡು ತೆಗೆದು, ಪೂರ್ತಿ ಒಣಗಿಸಬೇಕು. ಇಲ್ಲಿ ಶಾಂಪೂ ನೀರಿನ ಉಪಾಯ ಬೇಡ, ಒಣಗಿದ ಮೈಗೆ ಹಚ್ಚಿ ಬಟ್ಟೆಯಿಂದ ಬಿಗಿಯಾಗಿ ಒತ್ತಬೇಕು. ರಿವೆಟ್ಟು, ಬೆಸುಗೆ ಬಂದಲ್ಲಿ ಪಟ್ಟಿ ತುಂಡರಿಸಿ ಮತ್ತೆ ಆರಂಭಿಸಬೇಕು, ಅದರ ಮೇಲೆಯೇ ಎಳೆದರೆ ಅಲ್ಲಿಂದ ನೀರು ಹೋಗಿ ಏಳುತ್ತದೆ.

ಎಲ್ಲಿ ಹಚ್ಚಬೇಕೆಂಬುದು ಎಲ್ಲಕ್ಕಿಂತ ಮುಖ್ಯ. ಹಿಂಬಾಗಿಲಿಗೆ ಮಾತ್ರ ಹಚ್ಚಿದರೆ ಬಾಗಿಲು ಇಳಿಬಿಟ್ಟ ದಿನ ಪಟ್ಟಿ ಮರೆಯಾಗುತ್ತದೆ. ಮೇಲೆ ಹಚ್ಚಿದರೆ ಹೊಟ್ಟು ಜೋತು ಮುಚ್ಚುತ್ತದೆ. ಆದ್ದರಿಂದ ಬಾಗಿಲಿನ ಜೊತೆಗೆ ಎರಡೂ ಮೂಲೆಯ ಕಂಬಗಳಿಗೆ, ಅಡಿಯ ಕಬ್ಬಿಣದ ತೊಲೆಗೆ ಸಹ ಹಚ್ಚಬೇಕು. ಮೂಲೆಗಳಿಗೆ ಇದ್ದರೆ ಗಾಡಿಯ ಅಗಲ ಎಷ್ಟೆಂದು ಹಿಂದಿನವನಿಗೆ ತಿಳಿಯುತ್ತದೆ. ಹೊಟ್ಟಿನ ಹೇರು ಇದ್ದ ದಿನ ಪಟ್ಟಿ ಹಚ್ಚಿದ ಒಂದು ಹಲಗೆಯನ್ನು ಹೇರಿನ ಹಿಂದೆ ಹಗ್ಗದಿಂದ ಕಟ್ಟಿದರೆ ಮುಗಿಯಿತು. ಕೆಟ್ಟು ನಿಂತಾಗ ಟೊಂಗೆಯ ಜೊತೆ ಅದೇ ಹಲಗೆಯನ್ನು ನಾಲ್ವತ್ತು ಐವತ್ತು ಹೆಜ್ಜೆ ಹಿಂದೆ ನಿಲ್ಲಿಸಬಹುದು. ಸೈಕಲ್ಲಿನ ಮಡ್‌ಗಾರ್ಡಿಗೆ, ಚಕ್ಕಡಿಯ ಹಿಂಬದಿಗೆ ಒಂದೊಂದು ಗೇಣು ಸಾಕು. ಪಟ್ಟಿ ಹಚ್ಚಿದ್ದೇವೆಂದು ದೀಪ ಮರೆಯಬಾರದು. ದೀಪದ ಬಲ್ಬು ಹೋದ ದಿನ ಪಟ್ಟಿ ಕಾಯುತ್ತದೆ, ಅಷ್ಟೇ.

ಯಾರು ಮಾಡಬೇಕು?

"ಟ್ರೇಲರ್ ಬರೇ ಹೊಲಕ್ಕ ಹೊಕ್ಕೈತ್ರಿ, ಅದಕ್ಯಾಕ?" ಎಂಬುದು ಮೊದಲ ನೆಪ. ಹೊಲಕ್ಕೆ ಹೋಗುವುದು ಡಾಂಬರು ರಸ್ತೆ ಹಾಯ್ದೇ ಅಲ್ಲವೇ? ಹೊಲದಿಂದ ಮರಳುವ ಹೊತ್ತು ಯಾವುದು? ದಿನ ಮುಳುಗಿದ ಮೇಲಿನದೇ ಅಲ್ಲವೇ? "ಗುದ್ದಿದವನ ತಪ್ಪು, ನಮಗೇನು?" ಎಂಬುದು ಎರಡನೆಯ ನೆಪ. ತಪ್ಪು ಯಾರದೆಂದು ಕೋರ್ಟು ವರ್ಷಗಳ ನಂತರ ಹೇಳುತ್ತದೆ. ಹೊಡೆತ ಮಾತ್ರ ಆ ಕ್ಷಣವೇ ಬೀಳುತ್ತದೆ. ಬೈಕಿನ ಮೇಲೆ ಬಂದವನು ನಮ್ಮೂರವನೇ ಆಗಿರುತ್ತಾನೆ, ಬಹಳ ಸಲ ನಮ್ಮ ಓಣಿಯವನೇ ಆಗಿರುತ್ತಾನೆ. "ತುಟ್ಟಿ ಆಕ್ಕೈತಿ" ಎಂಬುದು ಮೂರನೆಯದು. ಒಂದು ಸುರುಳಿಗೆ ಬೇಕಾಗುವುದು ಕೆಲವು ನೂರು ರೂಪಾಯಿ. ಆ ಹುಡುಗನ ಜೋಡು ಪಟ್ಟಿಗೆ ಅದಕ್ಕಿಂತ ಹೆಚ್ಚು ಬಿದ್ದಿದೆ.

ವ್ಯಾಪಾರಸ್ಥರಿಗೂ ಇಲ್ಲಿ ಕೆಲಸವಿದೆ. ಬೀಜ ಗೊಬ್ಬರದ ಅಂಗಡಿಗೆ, ಟ್ರ್ಯಾಕ್ಟರ್ ಗ್ಯಾರೇಜಿಗೆ ಬಾರದ ಟ್ರೇಲರಿಲ್ಲ. ಗಲ್ಲಾದ ಪಕ್ಕಕ್ಕೆ ನಾಲ್ಕು ಕೆಂಪು ಸುರುಳಿ ನೇತುಹಾಕಿದರೆ ವ್ಯಾಪಾರವೂ ಆದೀತು, ಪುಣ್ಯವೂ ಬಂದೀತು. ಕಿರಾಣಿ ಅಂಗಡಿಯವರ ಮಾಲೂ ಹುಬ್ಬಳ್ಳಿಯಿಂದ ಇದೇ ರಸ್ತೆಯ ಮೇಲೆ ಬರುವುದಲ್ಲವೇ? ಬಸ್ಸಿನ ಪ್ರಯಾಣಿಕರು ಮನೆಗೆ ಹೋಗಿ ತಮ್ಮ ಟ್ರೇಲರಿನ ಹಿಂದೆ ಒಮ್ಮೆ ಬ್ಯಾಟರಿ ಬಿಟ್ಟು ನೋಡಲಿ. ಕೃಷಿ ಪತ್ತಿನ ಸಹಕಾರಿ ಸಂಘ, ಗ್ರಾಮ ಪಂಚಾಯತಿ ಮನಸ್ಸು ಮಾಡಿದರೆ ಒಂದು ಊರಿನ ಟ್ರೇಲರುಗಳೆಲ್ಲ ಒಂದೇ ದಿನದಲ್ಲಿ ಮುಗಿಯುತ್ತವೆ. ಆರ್‌ಟಿಓ ಮತ್ತು ಪೊಲೀಸ್ ಇಲಾಖೆಯವರು ಹೆಲ್ಮೆಟ್ಟಿಗೆ ನಿಲ್ಲುವಂತೆ ಸುಗ್ಗಿಯ ಹಂಗಾಮಿನಲ್ಲಿ ಒಂದೆರಡು ಸಂಜೆ ಇದಕ್ಕೂ ರಸ್ತೆಯ ಮೇಲೆ ನಿಲ್ಲುವರೇ?

ದಿನ ಹುಡುಕಬೇಕಾಗಿಯೂ ಇಲ್ಲ. ಮಹಾನವಮಿಯ ಖಂಡೆ ಪೂಜೆಗೆ ನಾವು ವರ್ಷಕ್ಕೊಮ್ಮೆ ಟ್ರ್ಯಾಕ್ಟರು, ಟ್ರೇಲರು ತಿಕ್ಕಿ ತೊಳೆಯುತ್ತೇವೆ. ಮಣ್ಣು ಹೋಗಿ ತಗಡು ಸ್ವಚ್ಛವಾಗಿರುವ ದಿನ ಅದೊಂದೇ. ಕಬ್ಬು, ಬಾಳೆ, ಚೆಂಡುಹೂವು ಮುಂದೆ ಕಟ್ಟುವಾಗ ಹಿಂದೆ ಒಂದು ಕೆಂಪು ಪಟ್ಟಿ. ಹೂವು ಮರುದಿನ ಬಾಡುತ್ತದೆ. ಪಟ್ಟಿ ವರ್ಷವಿಡೀ ಉಳಿಯುತ್ತದೆ, ಆಗಾಗ ಒಂದು ಹಸಿ ಬಟ್ಟೆ ಆಡಿಸಿದರೆ ಸಾಕು.

ಆ ಹುಡುಗನ ಕಾರಿನ ಪಟ್ಟಿಗೆ ನಮ್ಮದೇನೂ ತಕರಾರಿಲ್ಲ. ನೆಟ್ಟಗೆ ಹಚ್ಚಿದ್ದಾನೆ, ಕೈಯಲ್ಲಿ ಕಸಬಿದೆ. ನಮ್ಮ ಕೇಳಿಕೆ ಒಂದೇ. ಮುಂದಿನ ಸುರುಳಿ ತರಿಸುವಾಗ ಕೆಂಪಿನದು ತರಿಸಲಿ, ಕಾರು ಬಿಟ್ಟು ಟ್ರೇಲರಿನ ಹಿಂದೆ ಹೋಗಿ ನಿಲ್ಲಲಿ. ರಾತ್ರಿಯ ಬಸ್ಸಿನಲ್ಲಿ ಊರಿಗೆ ಬರುವವರಲ್ಲಿ ಅವನ ಅವ್ವ, ಅಪ್ಪ, ಅಕ್ಕ, ತಂಗಿಯರೂ ಇದ್ದಾರು.